ಒಂಬತ್ತು ತುಂಡಿನ ಕೌದಿ: ಎಂಟು ರಜಾದಿನಗಳ ಲೆಕ್ಕ

ಬಟ್ಟೆ ತಂದಿಟ್ಟು ಎರಡು ವರ್ಷವಾಗಿತ್ತು. ಕಡುಗೆಂಪು ಒಂದು, ಹಾಲುಬಿಳಿ ಒಂದು, ಸಣ್ಣ ಹೂವಿನ ನೀಲಿ ಒಂದು. ಮೂರೂ ಹತ್ತಿ ಬಟ್ಟೆ. ಕಪಾಟು ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದವು. ಇಡೀ ಒಂದು ದಿನ ಬಿಡುವು ಸಿಕ್ಕಾಗ ಶುರು ಮಾಡೋಣ ಎಂದುಕೊಂಡು ಬಾಗಿಲು ಮುಚ್ಚುತ್ತಿದ್ದೆ.

ಆ ಇಡೀ ದಿನ ಬರಲೇ ಇಲ್ಲ. ವಾರಕ್ಕೆ ಎರಡು ದಿನ ರಜೆ. ಅದರಲ್ಲಿ ವಾರದ ಬಟ್ಟೆ ಒಗೆಯಬೇಕು, ನೆಲ ಒರೆಸಬೇಕು, ಇಸ್ತ್ರಿ ಮಾಡಬೇಕು, ಕೈತೋಟದ ಕಳೆ ಕೀಳಬೇಕು. ಎಲ್ಲ ಮುಗಿಸಿ ಮೆಷಿನ್ ಮುಂದೆ ಕೂತರೆ ರಾತ್ರಿ ಒಂಬತ್ತು. ಆ ಹೊತ್ತಿಗೆ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣೂ ಇರುವುದಿಲ್ಲ.

ಈ ಸಲ ಬೇರೆ ದಾರಿ ಹಿಡಿದೆ. ಕೌದಿಯ ಕೆಲಸವನ್ನೇ ಎರಡು ಪಾಲು ಮಾಡಿದೆ. ನಡುವೆ ಬಿಟ್ಟು ಎದ್ದು ಹೋಗಬಹುದಾದ ಕೆಲಸ ಒಂದು ಕಡೆ. ಕೈ ಹಾಕಿದರೆ ಮುಗಿಸಿಯೇ ಏಳಬೇಕಾದ ಕೆಲಸ ಇನ್ನೊಂದು ಕಡೆ. ಮೊದಲನೆಯದನ್ನು ಮನೆಗೆಲಸದ ಸಂದಿಗಳಲ್ಲಿ ತುರುಕಿದೆ. ಎರಡನೆಯದಕ್ಕೆ ಮಾತ್ರ ಹೊತ್ತು ಕದ್ದೆ. ನಾಲ್ಕು ವಾರಾಂತ್ಯ, ಎಂಟು ದಿನ ಹಿಡಿಯಿತು. ತಪ್ಪುಗಳೂ ಆದವು, ಒಂದಂತೂ ದೊಡ್ಡದೇ.

ಲೆಕ್ಕ

ವಿನ್ಯಾಸ ಸರಳವಾದದ್ದೇ: ಒಂಬತ್ತು ತುಂಡಿನ ಚೌಕ ಒಂದು, ಪಕ್ಕದಲ್ಲಿ ಖಾಲಿ ಚೌಕ ಒಂದು, ಚದುರಂಗದ ಮಣೆಯ ಹಾಗೆ. ಅಡ್ಡಕ್ಕೆ 7, ಉದ್ದಕ್ಕೆ 9, ಒಟ್ಟು 63 ಚೌಕ. ನಾಲ್ಕೂ ಮೂಲೆಗೆ ಒಂಬತ್ತು ತುಂಡಿನದೇ ಬರಬೇಕೆಂದರೆ ಅವು 32, ಖಾಲಿ ಚೌಕ 31.

ಒಂಬತ್ತು ತುಂಡನ್ನು ಒಂದೊಂದಾಗಿ ಕತ್ತರಿಸಿ ಜೋಡಿಸುವುದು ಹುಚ್ಚು ಕೆಲಸ. ಪಟ್ಟಿ ಕತ್ತರಿಸಿ, ಮೂರು ಪಟ್ಟಿಗಳನ್ನು ಉದ್ದಕ್ಕೆ ಸೇರಿಸಿ ಹೊಲಿದು, ಆಮೇಲೆ ಅಡ್ಡ ಕತ್ತರಿಸಿದರೆ ಮೂರು ತುಂಡಿನ ಸಾಲು ತಾನಾಗಿ ಸಿಗುತ್ತದೆ. ಕೆಂಪು-ಬಿಳಿ-ಕೆಂಪು ಸಾಲು ಎರಡು, ಬಿಳಿ-ಕೆಂಪು-ಬಿಳಿ ಸಾಲು ಒಂದು. ಮೂರನ್ನೂ ಸೇರಿಸಿದರೆ ಒಂದು ಚೌಕ. 2.5 ಇಂಚು ಅಗಲದ, 42 ಇಂಚು ಉದ್ದದ ಪಟ್ಟಿಯಿಂದ 16 ಸಾಲು ಬರುತ್ತವೆ, ಎರಡು ಇಂಚು ಉಳಿಯುತ್ತದೆ. 32 ಚೌಕಕ್ಕೆ ಕೆಂಪು ಪಟ್ಟಿ 10, ಬಿಳಿ ಪಟ್ಟಿ 8. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಲೆಕ್ಕ ಹೀಗೆ ಸರಿಯಾಗಿ ಕೂತಾಗ ಆಗುವ ಖುಷಿಯೇ ಬೇರೆ!

ಪ್ರತಿ ಹೊಲಿಗೆಗೂ ಕಾಲು ಇಂಚು ಒಳಗೆ ಹೋಗುತ್ತದೆ. ಹಾಗಾಗಿ ಹೊಲಿದ ಚೌಕ 6.5 ಇಂಚು ಇರಬೇಕು. ಪಕ್ಕದ ಚೌಕಕ್ಕೆ ಸೇರಿಸಿದ ಮೇಲೆ ಅದು 6 ಇಂಚಾಗಿ ಕಾಣುತ್ತದೆ. ಈ 6.5 ನೆನಪಿರಲಿ.

ದಿನ 1

ಬೆಳಿಗ್ಗೆ ಕೈತೋಟ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮಣ್ಣು ಒದ್ದೆಯಿರುವಾಗ ಕಳೆ ಬೇರುಸಮೇತ ಬರುತ್ತದೆ. ಒಣಗಿದ ಮೇಲೆ ಹೋದರೆ ಮೇಲಿನ ಎಲೆ ಕಿತ್ತು ಕೈಗೆ ಬರುತ್ತದೆ, ಬೇರು ಒಳಗೇ ನಗುತ್ತಿರುತ್ತದೆ. ಎರಡು ಪಾತಿ ಸ್ವಚ್ಛ ಮಾಡಿ, ಒಣ ಎಲೆ ಮತ್ತು ಒಣ ಹುಲ್ಲನ್ನು ಮೂರು ಇಂಚು ದಪ್ಪಕ್ಕೆ ಹರಡಿದೆ. ಗಿಡದ ಬುಡಕ್ಕೆ ತಾಗದಂತೆ ಸುತ್ತ ಒಂದಿಷ್ಟು ಜಾಗ ಬಿಟ್ಟೆ. ತಾಗಿದರೆ ಕಾಂಡ ಕೊಳೆಯುತ್ತದೆ.

ಕೌದಿ ಕಥೆಯಲ್ಲಿ ಇದೆಲ್ಲ ಯಾಕೆ ಅಂದರೆ, ಮುಂದಿನ ಏಳು ದಿನಗಳಲ್ಲಿ ನನಗೆ ಹೊಲಿಯಲು ಹೊತ್ತು ಸಿಕ್ಕಿದ್ದೇ ಈ ಹೊದಿಕೆಯಿಂದ. ಬಿಸಿಲು ಮಣ್ಣಿಗೆ ನೇರ ಬೀಳದೆ ತೇವ ಉಳಿಯಿತು. ಬೆಳಕು ಸಿಗದೆ ಕಳೆಯೂ ಕಡಿಮೆ ಹುಟ್ಟಿತು. ಮೊದಲು ದಿನಾ ನೀರು ಹಾಕುತ್ತಿದ್ದೆ. ಈಗ ಬೆರಳು ಎರಡು ಇಂಚು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕುತ್ತೇನೆ. ಹಾಕಿದಾಗ ಧಾರಾಳವಾಗಿ, ಬೇರಿಗೆ ಇಳಿಯುವಷ್ಟು.

ಮಧ್ಯಾಹ್ನ ಬಟ್ಟೆ ಒಗೆಯುವ ಸರದಿ. ಕೌದಿ ಬಟ್ಟೆಯನ್ನೂ ಒಗೆಯಬೇಕಿತ್ತು. ಮೊದಲು ಕೆಂಪು ಬಟ್ಟೆಯ ಮೂಲೆ ಒದ್ದೆ ಮಾಡಿ ಹಳೆ ಬಿಳಿ ಚಿಂದಿಯ ಮೇಲೆ ಒತ್ತಿದೆ. ಅಂದುಕೊಂಡಂತೆ ಚಿಂದಿ ಗುಲಾಬಿ ಆಯಿತು. ಪಕ್ಕದಲ್ಲಿ ಬಿಳಿ ತುಂಡು ಬರುವ ಕೌದಿಯಲ್ಲಿ ಬಣ್ಣ ಬಿಡುವ ಬಟ್ಟೆ ಹಾಕಿದರೆ ಮೊದಲ ಒಗೆತಕ್ಕೇ ಎಲ್ಲ ಹಾಳು. ಬೇರೆ ಬಕೆಟ್‌ನಲ್ಲಿ ಮೂರು ಸಲ ಒಗೆದೆ. ಮೂರನೇ ಸಲ ನೀರು ತಿಳಿಯಾಯಿತು.

ದಿನ 2

ಇಲ್ಲೊಂದು ಜಗಳವಿದೆ. ಕೈತೋಟಕ್ಕೂ ಬೆಳಗಿನ ಹೊತ್ತೇ ಬೇಕು, ಬಟ್ಟೆ ಕತ್ತರಿಸಲಿಕ್ಕೂ ಬೆಳಗಿನ ಹೊತ್ತೇ ಬೇಕು. ಬಿಸಿಲೇರಿದ ಮೇಲೆ ಗಿಡದ ಕೆಲಸ ಆಗುವುದಿಲ್ಲ. ದಣಿದ ಮೇಲೆ ಕತ್ತರಿಸಿದರೆ ಅಳತೆ ತಪ್ಪುತ್ತದೆ, ಚಕ್ರದಂಥ ಬ್ಲೇಡಿನ ರೋಟರಿ ಕಟರ್ ಕೈಯಲ್ಲಿದ್ದರೆ ಬೆರಳೂ ಹೋಗುತ್ತದೆ. ಅದಕ್ಕೇ ಪಾಲು ಮಾಡಿಕೊಂಡೆ: ರಜೆಯ ಮೊದಲ ಬೆಳಗು ಗಿಡಕ್ಕೆ, ಎರಡನೆಯದು ಬಟ್ಟೆಗೆ. ಹೊಲಿಗೆ ಮಾತ್ರ ಯಾವ ಹೊತ್ತಿಗಾದರೂ ಆಗುತ್ತದೆ.

ಕತ್ತರಿಸುವಾಗ ಬಟ್ಟೆಯಡಿ ಹಾಸುವ ಕಟಿಂಗ್ ಮ್ಯಾಟ್ ತೆಗೆದು ನೋಡಿದರೆ ಒಂದು ಮೂಲೆ ಮೇಲೆದ್ದಿದೆ. ಬಿಸಿಲು ಬೀಳುವ ಕಿಟಕಿ ಪಕ್ಕ ಒರಗಿಸಿಟ್ಟ ತಪ್ಪು ನನ್ನದೇ. ಬಿಸಿಗೆ ಈ ಮ್ಯಾಟ್ ಸೊಟ್ಟಗಾದರೆ ಮತ್ತೆ ಪೂರ್ತಿ ಸರಿಯಾಗುವುದು ಕಷ್ಟ. ಆ ಮೂಲೆ ಬಿಟ್ಟು ಉಳಿದ ಭಾಗದಲ್ಲೇ ಕೆಲಸ ಮಾಡಿದೆ.

18 ಪಟ್ಟಿ ಕತ್ತರಿಸಲು ಒಂದು ಗಂಟೆ. ಹುರುಪಿನಲ್ಲಿ ನೀಲಿ ಬಟ್ಟೆಯ 31 ಖಾಲಿ ಚೌಕಗಳನ್ನೂ 6.5 ಇಂಚಿಗೆ ಕತ್ತರಿಸಿ ಜೋಡಿಸಿಟ್ಟೆ. ಆಗ ತುಂಬಾ ಜಾಣೆ ಅನಿಸಿತ್ತು.

ದಿನ 3

ಬೆಳಿಗ್ಗೆ ಗಿಡಗಳಿಗೆ ನೀರು, ಒಣ ಕೊಂಬೆ ಕತ್ತರಿಸಿದ್ದು. ಆಮೇಲೆ ವಾಷಿಂಗ್ ಮೆಷಿನ್ ತುಂಬಿಸಿ ಒತ್ತಿದೆ. ನಮ್ಮ ಮೆಷಿನ್ ಒಂದು ಸುತ್ತಿಗೆ 50 ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಹೊಲಿಗೆ.

ಇದು ಬಿಟ್ಟು ಎದ್ದು ಹೋಗಬಹುದಾದ ಕೆಲಸ. ಒಂದು ಪಟ್ಟಿ ಮುಗಿದ ಕೂಡಲೇ ದಾರ ಕತ್ತರಿಸದೆ ಮುಂದಿನದನ್ನು ಸೂಜಿಯಡಿ ತಳ್ಳುತ್ತಾ ಹೋಗುವುದು. ಮೆಷಿನ್ ಬೀಪ್ ಅಂದರೆ ಎದ್ದು ಬಟ್ಟೆ ಹರವಿ ಬಂದು ಮತ್ತೆ ಅಲ್ಲಿಂದಲೇ ಶುರು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕಬೇಕಿಲ್ಲ, ಸೂಜಿಯೇ ತೋರಿಸುತ್ತದೆ. ಒಂದು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಹೊಲಿದರೆ ಮುಂದಿನದನ್ನು ಕೆಳಗಿನಿಂದ ಮೇಲಕ್ಕೆ ಹೊಲಿಯಿರಿ. ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ಹೊಲಿದರೆ ಇಡೀ ಜೋಡಣೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ.

ಇಸ್ತ್ರಿಯನ್ನೂ ಇದಕ್ಕೇ ಸೇರಿಸಿಬಿಟ್ಟೆ. ಮನೆಯವರ ಅಂಗಿ ನಾಲ್ಕು, ಆಮೇಲೆ ಹೊಲಿದ ಪಟ್ಟಿ ಎರಡು, ಮತ್ತೆ ಅಂಗಿ. ಒಂದೇ ಬಿಸಿಗೆ ಎರಡೂ ಕೆಲಸ. ಆದರೆ ಅಂಗಿಗೆ ಉಜ್ಜುವ ಹಾಗೆ ಪಟ್ಟಿಗೆ ಉಜ್ಜಬಾರದು, ಬಟ್ಟೆ ಜಗ್ಗಿ ಅಳತೆ ಕೆಡುತ್ತದೆ. ಇಸ್ತ್ರಿ ಪೆಟ್ಟಿಗೆ ಇಟ್ಟು, ಎತ್ತಿ, ಪಕ್ಕಕ್ಕೆ ಇಡಬೇಕು. ಹೊಲಿಗೆಯ ಒಳಮಡಿಕೆಯನ್ನು ಕೆಂಪಿನ ಕಡೆಗೇ ಮಲಗಿಸಿದೆ. ಆಗ ಬಿಳಿ ಬಟ್ಟೆಯಡಿ ಕೆಂಪು ಕಾಣುವುದಿಲ್ಲ. ಸಾಲಿಗೆ ಸಾಲು ಸೇರಿಸುವಾಗ ಮಡಿಕೆಗಳು ಎದುರುಬದುರಾಗಿ ಒಂದಕ್ಕೊಂದು ಸಿಕ್ಕಿಕೊಂಡು ಮೂಲೆಗಳೂ ಸರಿಯಾಗಿ ಕೂರುತ್ತವೆ.

ಸಂಜೆಗೆ 16 ಚೌಕ ಸಿದ್ಧ. ಮೂಲೆಗಳು ಎಷ್ಟು ಚೆನ್ನಾಗಿ ಕೂತಿದ್ದವೆಂದರೆ ಅಳೆದು ನೋಡಬೇಕು ಅನಿಸಲೇ ಇಲ್ಲ.

ದಿನ 4

ಬೆಳಿಗ್ಗೆ ಒಂದು ಖಾಲಿ ಚೌಕವನ್ನು ಪಕ್ಕಕ್ಕಿಟ್ಟು ನೋಡಿದೆ. ನೀಲಿ ಚೌಕ ಎರಡು ಕಡೆ ಹೊರಗೆ ಇಣುಕುತ್ತಿದೆ. ಸ್ಕೇಲ್ ಇಟ್ಟೆ. 6.25. ಇನ್ನೊಂದು ತೆಗೆದೆ, ಅದೂ 6.25. ಹದಿನಾರೂ ಅಷ್ಟೇ.

ಕಾಲು ಇಂಚು ಎಲ್ಲಿ ಹೋಯಿತು? ಮೆಷಿನ್‌ನಲ್ಲಿ ಬಟ್ಟೆ ಒತ್ತಿಹಿಡಿಯುವ ಪಾದದ ಅಂಚಿಗೆ ಬಟ್ಟೆ ತಾಗಿಸಿ ಹೊಲಿದರೆ ಕಾಲು ಇಂಚು ಎಂದು ನಾನು ನಂಬಿದ್ದೆ. ಈ ಪಾದದ ಅಂಚು ಅದಕ್ಕಿಂತ ಒಂದು ಕೂದಲು ಜಾಸ್ತಿ. ಮಡಚಿ ಇಸ್ತ್ರಿ ಮಾಡುವಾಗ ದಾರದ ದಪ್ಪವೂ ಒಂದಿಷ್ಟು ಬಟ್ಟೆ ತಿನ್ನುತ್ತದೆ. ಎರಡೂ ಸೇರಿ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿತ್ತು. ಅದೆಷ್ಟು ಮಹಾ ಅಂತೀರಾ? ಹೊಲಿಗೆ ಎರಡೂ ಕಡೆಯ ಬಟ್ಟೆಯಿಂದ ತಿನ್ನುತ್ತದೆ, ಅಂದರೆ ಒಂದು ಹೊಲಿಗೆಗೆ ಎಂಟನೇ ಒಂದು. ಚೌಕದಲ್ಲಿ ಅಡ್ಡಕ್ಕೆ ಎರಡು ಹೊಲಿಗೆ. ಅಲ್ಲಿಗೆ ಕಾಲು ಇಂಚು ಸರಿಹೋಯಿತು.

ಬಿಚ್ಚಲೇ ಎಂದು ಒಂದು ಕ್ಷಣ ಯೋಚಿಸಿದೆ. ಒಂದು ಚೌಕಕ್ಕೆ ಚಿಕ್ಕ ಹೊಲಿಗೆ ಆರು, ಉದ್ದದ್ದು ಎರಡು. 16 ಚೌಕಕ್ಕೆ 128 ಹೊಲಿಗೆ. ಒಂದನ್ನು ಪ್ರಯತ್ನಿಸಿದೆ. ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್ ತುದಿಯನ್ನು ಮೂರು ನಾಲ್ಕು ಹೊಲಿಗೆಗೊಂದರಂತೆ ಒಳಗೆ ತೂರಿಸಿ ಕತ್ತರಿಸಿ, ತಿರುಗಿಸಿ, ಹಿಂದಿನ ದಾರ ಎಳೆದೆ. ಟಿರ್ ಎಂದು ಬಂತು, ಜೊತೆಗೆ ಬಿಳಿ ಬಟ್ಟೆಯ ಅಂಚಿನಿಂದ ಎರಡು ಎಳೆಯೂ ಬಂತು. ಇಡೀ ಒಂದು ಚೌಕ ಬಿಚ್ಚಲು 20 ನಿಮಿಷ. ಹದಿನಾರಕ್ಕೆ ಐದು ಗಂಟೆಗಿಂತ ಮೇಲೆ. ಅದರಲ್ಲಿ ಇಡೀ ಮನೆ ಒರೆಸಿ, ಪಾತಿ ಅಗೆದು, ಒಂದು ನಿದ್ದೆಯನ್ನೂ ಮಾಡಬಹುದು.

ಕೊನೆಗೆ ಉಳಿಸಿದ್ದು ವಿನ್ಯಾಸವೇ. ಒಂಬತ್ತು ತುಂಡಿನ ಚೌಕದ ನಾಲ್ಕೂ ಪಕ್ಕಕ್ಕೆ ಬರುವುದು ಖಾಲಿ ಚೌಕ. ಒಳಗಿನ ಹೊಲಿಗೆಗಳು ಪಕ್ಕದ ಚೌಕದ ಯಾವ ಹೊಲಿಗೆಯ ಜೊತೆಗೂ ಸಾಲಾಗಿ ಕೂರಬೇಕಿಲ್ಲ. ಹೊರಗಿನ ಅಳತೆ ಒಂದೇ ಇದ್ದರೆ ಸಾಕು. ಹಾಗಾದರೆ ಎಲ್ಲವನ್ನೂ 6.25ಕ್ಕೆ ಇಳಿಸಿದರೆ ಆಯಿತಲ್ಲ!

ಉಳಿದ 16 ಹೊಲಿಯುವ ಮೊದಲು ಮೆಷಿನ್ ಸರಿ ಮಾಡಿಕೊಂಡೆ. 2.5 ಇಂಚಿನ ಮೂರು ಚಿಂದಿ ಪಟ್ಟಿ ಸೇರಿಸಿ ಹೊಲಿದು ಇಸ್ತ್ರಿ ಮಾಡಿ, ನಡುವಿನ ಪಟ್ಟಿಯನ್ನು ಅಳೆಯುವುದು. ಸರಿಯಾಗಿ 2 ಇಂಚು ಬಂದರೆ ಹೊಲಿಗೆ ಸರಿ. ಮೊದಲ ಸಲ 1 ಇಂಚು ಮತ್ತು ಎಂಟರಲ್ಲಿ ಏಳು ಭಾಗ ಬಂತು. ಸೂಜಿಯಿಂದ ಕಾಲು ಇಂಚಿಗಿಂತ ಒಂದು ದಾರದಷ್ಟು ಒಳಗೆ, ಮೆಷಿನ್ ತಟ್ಟೆಯ ಮೇಲೆ ಗಮ್ ಟೇಪ್ ಅಂಟಿಸಿ ಗೆರೆ ಮಾಡಿದೆ. ಮೂರನೇ ಪ್ರಯತ್ನಕ್ಕೆ ಸರಿಯಾಗಿ 2 ಬಂತು. ಹತ್ತು ನಿಮಿಷದ ಕೆಲಸ. ಎರಡನೇ ದಿನವೇ ಮಾಡಬೇಕಿತ್ತು.

ಹೊಸ 16 ಚೌಕ 6.5 ಬಂದವು. ನಾಲ್ಕೂ ಕಡೆ ಎಂಟನೇ ಒಂದು ಇಂಚು ಸವರಿದೆ. ಆ 31 ನೀಲಿ ಚೌಕ? ಅವನ್ನೂ ಒಂದೊಂದಾಗಿ ಮತ್ತೆ ಕತ್ತರಿಸಿದೆ. ಅವತ್ತಿನ ಜಾಣತನದ ಫಲ. ಹೊಲಿದ ಚೌಕ ಅಳೆದ ಮೇಲೇ ಖಾಲಿ ಚೌಕಕ್ಕೆ ಕತ್ತರಿ ಹಾಕಿ.

ಅವತ್ತು ನೆಲ ಒರೆಸಲಿಲ್ಲ. ಯಾರೂ ಕೇಳಲಿಲ್ಲ ಕೂಡ.

ದಿನ 5

ಚೌಕಗಳನ್ನು ಹಾಸಿಗೆ ಮೇಲೆ ಜೋಡಿಸಿ, ಫೋಟೋ ತೆಗೆದು, ಸಾಲು ಸಾಲಾಗಿ ಎತ್ತಿ, ಪ್ರತಿ ಕಟ್ಟಿಗೂ ನಂಬರ್ ಚೀಟಿ ಪಿನ್ ಮಾಡಿದೆ. ರಾತ್ರಿ ಮಲಗಲು ಹಾಸಿಗೆ ಬೇಕಲ್ವಾ? ಒಂಬತ್ತು ಕಟ್ಟು, ಪ್ರತಿಯೊಂದರಲ್ಲಿ ಏಳು ಚೌಕ. ಒಂದು ಕಟ್ಟು ಹೊಲಿಯಲು ಕಾಲು ಗಂಟೆ ಸಾಕು. ಮಧ್ಯೆ ಮಧ್ಯೆ ಪಾತ್ರೆ ತೊಳೆದೆ, ಒಣಗಿದ ಬಟ್ಟೆ ಮಡಚಿದೆ. ಸಂಜೆಗೆ ಒಂಬತ್ತೂ ಸೇರಿ ಮೇಲುಬಟ್ಟೆ ಆಯಿತು.

ಬೆಳಿಗ್ಗೆ ಕೈಗವಸು ಇಲ್ಲದೆ ಮುಳ್ಳಿನ ಗಿಡ ಸವರಿದ್ದೆ. ಹೆಬ್ಬೆರಳ ಪಕ್ಕ ಚರ್ಮ ಒಡೆದು ಗರಗಸದ ಹಲ್ಲಿನ ಹಾಗಾಗಿತ್ತು. ನಾಲ್ಕನೇ ಸಾಲಿನ ಒಂದು ಕೆಂಪು ತುಂಡಿನ ಮೇಲೆ ಕೈ ಸವರಿದ್ದೇ ತಡ, ಒಂದು ಎಳೆ ಸಿಕ್ಕಿಕೊಂಡು ಸಣ್ಣ ಕುಣಿಕೆಯಾಗಿ ಮೇಲೆದ್ದಿತು. ಕತ್ತರಿಸಿದರೆ ತೂತಾಗುತ್ತದೆ. ತೆಳು ಸೂಜಿಯ ತುದಿಯಿಂದ ನಿಧಾನಕ್ಕೆ ಹಿಂದಕ್ಕೆ ತಳ್ಳಿದೆ. ಗುರುತು ಹಾಗೇ ಉಳಿದಿದೆ. ಅಂದಿನಿಂದ ಕೈಗವಸು ಇಲ್ಲದೆ ಗಿಡ ಮುಟ್ಟುವುದಿಲ್ಲ. ಗಿಡದ ಕೆಲಸ ಮುಗಿದ ಮೇಲೆ ಉಗುರು ಉಜ್ಜಿ, ಕೈಗೆ ಎಣ್ಣೆ ಹಚ್ಚುತ್ತೇನೆ. ಎಣ್ಣೆ ಪೂರ್ತಿ ಆರುವ ತನಕ ಮಾತ್ರ ಬಟ್ಟೆ ಮುಟ್ಟಬಾರದು. ಆ ಹೊತ್ತಿಗೆ ಗುಡಿಸುವ ಕೆಲಸ ಇದ್ದೇ ಇದೆ.

ದಿನ 6

ಇದು ಬಿಟ್ಟು ಏಳಲಾಗದ ಕೆಲಸ. ಅಡಿಬಟ್ಟೆ, ಮೇಲೆ ಹತ್ತಿಯ ಹಾಳೆ, ಅದರ ಮೇಲೆ ಹೊಲಿದ ಮೇಲುಬಟ್ಟೆ. ಮೂರನ್ನೂ ಸುಕ್ಕಿಲ್ಲದೆ ಹರಡಿ ಪಿನ್ ಹಾಕಬೇಕು. ನಡುವೆ ಎತ್ತಿಟ್ಟರೆ ಎಲ್ಲ ಜಾರಿ ಮೊದಲಿಂದ ಶುರು. ನೆಲದ ಮೇಲೆ ಮಾಡಿದರೆ ಮಂಡಿ ಮುರಿಯುತ್ತದೆ. ಹಾಗಾಗಿ ಊಟದ ಮೇಜನ್ನೇ ಹಿಡಿದೆ. ಅಡಿಬಟ್ಟೆಯನ್ನು ಸುತ್ತಲೂ ನಾಲ್ಕು ಇಂಚು ಹೆಚ್ಚು ಬಿಟ್ಟು, ತಪ್ಪು ಮಗ್ಗುಲು ಮೇಲೆ ಮಾಡಿ, ಕ್ಲಿಪ್ ಹಾಕಿ ಬಿಗಿ ಮಾಡಿದೆ. ತೀರಾ ಬಿಗಿಯಲ್ಲ, ಅಂಗೈ ಸವರಿದರೆ ಸರಿಯದಷ್ಟು. ನಡುವಿನಿಂದ ಹೊರಕ್ಕೆ, ಅಂಗೈ ಅಗಲಕ್ಕೊಂದು ಪಿನ್.

ಮಧ್ಯಾಹ್ನ ಮಗಳು ತಟ್ಟೆ ಹಿಡಿದು ಬಂದಳು. "ಅಮ್ಮಾ, ಎಲ್ಲಿ ಕೂರೋದು?"

"ಇವತ್ತೊಂದಿನ ಎಲ್ಲಾದ್ರೂ ಕೂತ್ಕೊಳೇ. ಪಿನ್ ಮೇಲೆ ಮಾತ್ರ ಬೇಡ."

ಇವರು ಏನೂ ಹೇಳದೆ ಕಿಟಕಿ ಹತ್ತಿರ ನಿಂತೇ ಊಟ ಮಾಡಿದರು. ಆ ಮೌನದ ಅರ್ಥ ನನಗೆ ಗೊತ್ತು. ಸಂಜೆ ಪಾತ್ರೆ ಅವರೇ ತೊಳೆದರು, ಅದನ್ನೂ ಇಲ್ಲಿ ದಾಖಲಿಸಬೇಕು.

ಅವತ್ತು ಕೈತೋಟದ ಕಡೆ ಹೋಗಲೇ ಇಲ್ಲ. ಪಾತಿಯ ಗಿಡಗಳಿಗೆ ಏನೂ ಆಗಲಿಲ್ಲ. ಸಣ್ಣ ಕಪ್ಪುಗಳಲ್ಲಿದ್ದ ಎಳೆ ಸಸಿಗಳಲ್ಲಿ ಐದು ಬಾಡಿ ಮಲಗಿದವು. ಹಿಡಿ ಮಣ್ಣಲ್ಲಿ ಎಷ್ಟು ನೀರು ನಿಂತೀತು? ಎರಡು ಮಾತ್ರ ಎದ್ದವು. ಇಂಥ ದಿನ ಬರುತ್ತದೆ ಎಂದು ಗೊತ್ತಿದ್ದರೆ ಹಿಂದಿನ ರಾತ್ರಿಯೇ ಸಣ್ಣ ಕುಂಡಗಳನ್ನು ನೆರಳಿಗೆ ಎಳೆದು ನೀರುಣಿಸಿ ಇಡಿ.

ದಿನ 7

ಪಿನ್ ಬಿದ್ದ ಮೇಲೆ ಮತ್ತೆ ಬಿಟ್ಟೇಳುವ ಕೆಲಸ. ಸೂಜಿ ಬದಲಿಸಿದೆ: ತುಂಡು ಜೋಡಿಸಲು 80ನೇ ನಂಬರ್, ಮೂರು ಪದರಕ್ಕೆ 90ನೇ ನಂಬರ್. ಹೊಲಿಗೆಯ ಉದ್ದ 2.5ರಿಂದ 3 ಮಿಲಿಮೀಟರ್‌ಗೆ. ವಾಕಿಂಗ್ ಫುಟ್ ಹಾಕಿದೆ. ಮಾಮೂಲಿ ಪಾದದಲ್ಲಿ ಕೆಳಗಿನ ಹಲ್ಲು ಅಡಿಬಟ್ಟೆಯನ್ನು ಮಾತ್ರ ಎಳೆಯುತ್ತದೆ, ಮೇಲಿನದು ಹಿಂದೆ ಬಿದ್ದು ಸುಕ್ಕಾಗುತ್ತದೆ. ಈ ಪಾದ ಮೇಲಿನಿಂದಲೂ ಎಳೆಯುತ್ತದೆ.

ಚೌಕಗಳ ಮೂಲೆಯಿಂದ ಮೂಲೆಗೆ ಓರೆ ಗೆರೆ, ಎರಡೂ ದಿಕ್ಕಿಗೆ. ಒಂದು ದಿಕ್ಕಿಗೆ 15, ಒಟ್ಟು 30 ಗೆರೆ. ಗೆರೆಗಳ ನಡುವೆ ನಾಲ್ಕು ಇಂಚು ಚಿಲ್ಲರೆ. ಮೊದಲು ನಡುವಿನ ಗೆರೆ, ಆಮೇಲೆ ಒಂದು ಆ ಕಡೆ, ಒಂದು ಈ ಕಡೆ. ಪಟ್ಟಿ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಎರಡು ಗೆರೆ, ಒಂದು ರೂಮು ಗುಡಿಸಿದ್ದು. ಎರಡು ಗೆರೆ, ಕುಂಡಗಳಿಗೆ ನೀರು. ಹನ್ನೊಂದನೇ ಗೆರೆಯಲ್ಲಿ ಕೆಳದಾರದ ಬಾಬಿನ್ ಖಾಲಿಯಾದದ್ದು ಗೊತ್ತಾಗದೆ ಒಂದಡಿ ಸುಮ್ನೆ ಹೊಲಿದೆ, ಬರೀ ತೂತು. ರಾತ್ರಿಗೆ 22 ಗೆರೆ ಮುಗಿದವು. ಭುಜ ನೋಯುತ್ತಿತ್ತು. ಕೌದಿಯ ಭಾರ ಮೇಜಿನಿಂದ ಕೆಳಗೆ ಜೋತರೆ ಸೂಜಿಯನ್ನೂ ಜಗ್ಗುತ್ತದೆ, ಭುಜವನ್ನೂ ಜಗ್ಗುತ್ತದೆ. ಇಸ್ತ್ರಿ ಮೇಜನ್ನು ಎಡಕ್ಕೆ ಎಳೆದುಕೊಂಡು ಅದರ ಮೇಲೆ ಹೊರಿಸಿದ ಮೇಲೆ ಹಗುರಾಯಿತು.

ದಿನ 8

ಉಳಿದ ಎಂಟು ಗೆರೆ ಬೆಳಿಗ್ಗೆಯೇ ಮುಗಿಸಿ, ಅಂಚು ಸವರಿ ಅಳೆದೆ: 40.75 × 52.25 ಇಂಚು. ಸುತ್ತಳತೆ 186. ಅಂಚಿಗೆ 2.5 ಇಂಚಿನ ಕೆಂಪು ಪಟ್ಟಿ ಐದು. ಓರೆಯಾಗಿ ಸೇರಿಸುವಾಗ ನಾಲ್ಕು ಜಾಗದಲ್ಲಿ ತಲಾ ಎರಡೂವರೆ ಇಂಚು ಹೋಗಿ 200 ಇಂಚು ಉಳಿಯಿತು. ಮೂಲೆ ಮಡಿಕೆಗೆ, ಕೊನೆಯ ಜೋಡಣೆಗೆ ಸಾಕಾಯಿತು. ಮುಂದಿನ ಮಗ್ಗುಲು ಮೆಷಿನ್‌ನಲ್ಲಿ ಹೊಲಿದೆ. ಹಿಂದಿನದನ್ನು ಸಂಜೆ ಕುರ್ಚಿಯಲ್ಲಿ ಕೂತು ಕೈಯಲ್ಲಿ ಹೊಲಿದೆ. ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಮಾತಾಡುತ್ತಾ ಮಾಡಬಹುದು, ಕಾಲ ಮೇಲೆ ಕೌದಿ ಬೆಚ್ಚಗಿರುತ್ತದೆ.

ಮುಂದಿನ ವಾರದ ಬಟ್ಟೆಯ ಜೊತೆ ಅಲ್ಲ, ಬೇರೆಯಾಗಿಯೇ ಒಗೆದೆ. ಬಣ್ಣ ಬಿಡಲಿಲ್ಲ. ಒಣಗಿದ ಮೇಲೆ 39 × 50 ಇಂಚಿಗೆ ಬಂತು. ಒಳಗಿನ ಹತ್ತಿ ಕುಗ್ಗಿ, ಗೆರೆಗಳ ನಡುವೆ ಸಣ್ಣ ಉಬ್ಬು ಎದ್ದಿದೆ. ಹಳೆಯ ಕೌದಿಯ ಹಾಗೆ ಕಾಣುತ್ತದೆ.

ತಪ್ಪಾಗಿದ್ದ ಆ 16 ಚೌಕ ಯಾವುವು ಎಂದು ನಿನ್ನೆ ಹುಡುಕಿದೆ. ಬರಿಗಣ್ಣಿಗೆ ಸಿಗಲಿಲ್ಲ. ಆಮೇಲೆ ಹೊಲಿದ ಚೌಕಗಳಲ್ಲಿ ನಡುವಿನ ತುಂಡು ಸುತ್ತಲಿನವಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು. ಟೇಪ್ ಹಿಡಿದು ಎರಡನ್ನು ಪತ್ತೆ ಮಾಡಿದೆ. ಅಷ್ಟರಲ್ಲಿ ವಾಷಿಂಗ್ ಮೆಷಿನ್ ಬೀಪ್ ಅಂತು.